‘ಬ್ರಿಟಿಷರ ಕಾಲದಲ್ಲಿ ದಾವಣಗೆರೆ ಲೈನಿನಲ್ಲಿ ಓಡಿದ ಗೂಡ್ಸ್ ಎಂಜಿನ್’: ಈ ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಹಸಿರು ಬಣ್ಣದ ಉಗಿ ಎಂಜಿನ್, ಅದರ ಹಿಂದೆ ಉದ್ದನೆಯ ಗೂಡ್ಸ್ ಗಾಡಿ, ಬಿಳಿ ಹೊಗೆ, ಜೊತೆಗೆ ಒಂದು ಹಳೆಯ ಚಿತ್ರಗೀತೆಯ ಸಂಗೀತ. ಕೆಳಗೆ ದಪ್ಪಕ್ಷರದಲ್ಲಿ ಹೀಗೊಂದು ಬರಹ: ‘ಬ್ರಿಟಿಷರ ಕಾಲದಲ್ಲಿ ನಮ್ಮ ದಾವಣಗೆರೆ ಲೈನಿನಲ್ಲಿ ಓಡುತ್ತಿದ್ದ ಗೂಡ್ಸ್ ಎಂಜಿನ್. ಆಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿಗೂ ರೈಲು ಇತ್ತು. ಆಮೇಲೆ ಹಳಿ ಕಿತ್ತರು. ಎಲ್ಲರಿಗೂ ಶೇರ್ ಮಾಡಿ.’

ಈ ಬಗೆಯ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ನೋಡಲು ಚೆನ್ನಾಗಿದೆ, ಊರಿನ ಹೆಸರೂ ಇದೆ, ಹಾಗಾಗಿ ಬೆರಳು ತಾನಾಗಿಯೇ ಫಾರ್ವರ್ಡ್ ಗುರುತಿನ ಕಡೆ ಹೋಗುತ್ತದೆ. ಕಳಿಸುವ ಮೊದಲು ಐದು ನಿಮಿಷ ನಮ್ಮ ಜೊತೆ ಇದನ್ನು ಪರಿಶೀಲಿಸಿ.

ಚುಟುಕಾಗಿ ಉತ್ತರ

ಇಂಥ ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವ ಹಸಿರು ಎಂಜಿನ್ ಬ್ರಿಟನ್ನಿನ 9ಎಫ್ ಎಂಬ ಗೂಡ್ಸ್ ಎಂಜಿನ್ ವರ್ಗಕ್ಕೆ ಸೇರಿದ್ದು. ಈ ವರ್ಗದ ಮೊದಲ ಎಂಜಿನ್ ತಯಾರಾದದ್ದು 1954ರಲ್ಲಿ. ಅಷ್ಟರಲ್ಲಿ ನಮಗೆ ಸ್ವಾತಂತ್ರ್ಯ ಬಂದು ಏಳು ವರ್ಷ ಆಗಿತ್ತು. ಅದು ಬ್ರಿಟನ್ನಿನ ಹಳಿಗಾಗಿ ಮಾಡಿದ ಎಂಜಿನ್. ಅದರ ಚಕ್ರ ದಾವಣಗೆರೆಯ ಅಂದಿನ ಹಳಿಯ ಮೇಲೂ ಕೂರುವುದಿಲ್ಲ, ಇಂದಿನ ಹಳಿಯ ಮೇಲೂ ಕೂರುವುದಿಲ್ಲ. ಎಷ್ಟೋ ವಿಡಿಯೊಗಳಲ್ಲಿ ಕಾಣುವುದು ನಿಜವಾದ ಎಂಜಿನ್ ಕೂಡ ಅಲ್ಲ, ಮೇಜಿನ ಮೇಲೆ ಓಡುವ ಒಂದು ಅಡಿಗಿಂತ ಚಿಕ್ಕ ಮಾದರಿ.

ಇನ್ನು ಆ ನಾಲ್ಕು ಊರುಗಳ ವಿಷಯ. ದಾವಣಗೆರೆ ಜಿಲ್ಲೆಯ ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಒಂದರಲ್ಲೂ ರೈಲು ನಿಲ್ದಾಣವಿಲ್ಲ. ಹಳೆಯ ರೈಲು ಮಾರ್ಗವೂ ಅವುಗಳನ್ನು ಬದಿಗೆ ಬಿಟ್ಟೇ ಸಾಗಿತ್ತು. ಈಗ ಒಂದೊಂದಾಗಿ ನೋಡೋಣ.

ಆ ಎಂಜಿನ್ ಯಾವುದು?

ವಿಡಿಯೊ ನಿಲ್ಲಿಸಿ ಚಿತ್ರವನ್ನು ದೊಡ್ಡದು ಮಾಡಿ. ಡ್ರೈವರ್ ನಿಲ್ಲುವ ಗೂಡಿನ ಬದಿಯಲ್ಲಿ ಒಂದು ಸಂಖ್ಯೆ ಇರುತ್ತದೆ. ಅದು 92000ರಿಂದ 92250ರ ಒಳಗಿದ್ದರೆ ಅದು 9ಎಫ್. ಬ್ರಿಟಿಷ್ ರೈಲ್ವೇಸ್ 1954ರಿಂದ 1960ರವರೆಗೆ ಇಂಥ 251 ಎಂಜಿನ್ ಮಾಡಿಸಿತು. ಅವುಗಳಲ್ಲಿ 178 ಕ್ರೂ ಕಾರ್ಖಾನೆಯಲ್ಲಿ, 73 ಸ್ವಿಂಡನ್ ಕಾರ್ಖಾನೆಯಲ್ಲಿ ತಯಾರಾದವು. ಇವನ್ನು ರೂಪಿಸಿದ ತಂಡದ ಮುಖ್ಯಸ್ಥ ರಾಬರ್ಟ್ ರಿಡಲ್ಸ್ ಎಂಬ ಎಂಜಿನಿಯರ್.

ಸಂಖ್ಯೆ 92220 ಆಗಿದ್ದು, ಬಣ್ಣ ಹಸಿರಾಗಿದ್ದು, ಹೊಗೆ ಕೊಳವೆಯ ತುದಿಯಲ್ಲಿ ತಾಮ್ರದ ಪಟ್ಟಿ ಇದ್ದರೆ ಅದು ‘ಈವ್ನಿಂಗ್ ಸ್ಟಾರ್’, ಅಂದರೆ ಸಂಜೆಯ ನಕ್ಷತ್ರ. ಬ್ರಿಟಿಷ್ ರೈಲ್ವೇಸ್ ತಯಾರಿಸಿದ ಕೊನೆಯ ಉಗಿ ಎಂಜಿನ್ ಅದು. 1960ರ ಮಾರ್ಚ್‌ನಲ್ಲಿ ಸ್ವಿಂಡನ್‌ನಲ್ಲಿ ಅದಕ್ಕೆ ಹೆಸರಿಟ್ಟರು. ಉಳಿದ 9ಎಫ್‌ಗಳೆಲ್ಲ ಕಪ್ಪು ಬಣ್ಣದವು. ಕೊನೆಯದು ಎಂಬ ಗೌರವಕ್ಕಾಗಿ ಇದೊಂದಕ್ಕೆ ಹಸಿರು ಬಳಿದರು. ಆದರೆ ಅದು ದುಡಿದದ್ದು ಐದೇ ವರ್ಷ. 1965ರಲ್ಲಿ ಅದನ್ನು ಕೆಲಸದಿಂದ ಬಿಡಿಸಿದರು. ಡೀಸೆಲ್ ಎಂಜಿನ್ ಬಂದಾಗಿತ್ತು. 1968ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನ್‌ಗಳ ಓಡಾಟವೇ ಮುಗಿಯಿತು. 251ರಲ್ಲಿ ಇಂದು ಉಳಿದಿರುವುದು ಒಂಬತ್ತು.

ಗೂಡ್ಸ್ ಎಂಜಿನ್ ಎಂದು ಗುರುತಿಸುವುದು ಹೇಗೆ?

ಉಗಿ ಎಂಜಿನ್‌ಗಳನ್ನು ಚಕ್ರಗಳ ಲೆಕ್ಕದಿಂದ ಗುರುತಿಸುತ್ತಾರೆ. 9ಎಫ್‌ನ ಲೆಕ್ಕ 2-10-0. ಮುಂದೆ ಎರಡು ಸಣ್ಣ ಚಕ್ರ, ನಡುವೆ ಹತ್ತು ದೊಡ್ಡ ಚಕ್ರ, ಹಿಂದೆ ಸಣ್ಣ ಚಕ್ರ ಇಲ್ಲ ಎಂದು ಅರ್ಥ. ಎರಡೂ ಬದಿ ಸೇರಿಸಿ ಈ ಎಣಿಕೆ. ಒಂದು ಬದಿಯಿಂದ ನೋಡಿದರೆ ಒಂದು ಸಣ್ಣದು, ಐದು ದೊಡ್ಡವು ಕಾಣಬೇಕು.

ಹತ್ತು ಚಕ್ರ ಏಕೆ? ಗೂಡ್ಸ್ ಗಾಡಿಗೆ ವೇಗಕ್ಕಿಂತ ಎಳೆತ ಮುಖ್ಯ. ಎಂಜಿನ್ನಿನ ಭಾರ ಹೆಚ್ಚು ಚಕ್ರಗಳ ಮೇಲೆ ಹಂಚಿಕೊಂಡರೆ ಹಳಿಗೆ ಪೆಟ್ಟು ಕಡಿಮೆ, ಹಿಡಿತ ಹೆಚ್ಚು. ಚಕ್ರ ಚಿಕ್ಕದಾದಷ್ಟೂ ಎಳೆಯುವ ಬಲ ಹೆಚ್ಚುತ್ತದೆ. ಗೇರ್ ಸೈಕಲ್ಲಿನಲ್ಲಿ ಏರು ಬಂದಾಗ ಹಗುರ ಗೇರಿಗೆ ಹಾಕುತ್ತೇವಲ್ಲ, ಲೆಕ್ಕ ಅದೇ.

ಇಲ್ಲಿ ಒಂದು ಸ್ವಾರಸ್ಯವಿದೆ. ರೈಲಿನ ಚಕ್ರ ಹಳಿಯಿಂದ ಜಾರದಂತೆ ಅದರ ಒಳಬದಿಯಲ್ಲಿ ಉಬ್ಬಿದ ಅಂಚು ಇರುತ್ತದೆ. ಐದು ಜೋಡಿ ಚಕ್ರ ಒಂದೇ ಚೌಕಟ್ಟಿನಲ್ಲಿದ್ದರೆ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುವ ಭಯ. ಅದಕ್ಕಾಗಿ 9ಎಫ್‌ನ ನಡುವಿನ ಜೋಡಿಗೆ ಆ ಅಂಚನ್ನೇ ಇಡಲಿಲ್ಲ. ಉಳಿದ ನಾಲ್ಕು ಜೋಡಿ ದಾರಿ ಹಿಡಿದು ಸಾಗುತ್ತವೆ, ನಡುವಿನದು ಹಳಿಯ ಮೇಲೆ ಸುಮ್ಮನೆ ಉರುಳುತ್ತದೆ.

ನಮ್ಮ ಹಳಿಯ ಮೇಲೆ ಅದು ಏಕೆ ಓಡಲಾರದು?

ಈ ಫಾರ್ವರ್ಡ್ ಸುಳ್ಳೆಂದು ತಿಳಿಯಲು ಒಂದೇ ಅಳತೆ ಸಾಕು: ಎರಡು ಹಳಿಗಳ ನಡುವಿನ ಅಂತರ. ಇದಕ್ಕೆ ಗೇಜ್ ಎನ್ನುತ್ತಾರೆ.

ಬ್ರಿಟನ್ನಿನ ಗೇಜ್ 1,435 ಮಿಲಿಮೀಟರ್. ಬೆಂಗಳೂರಿನ ನಮ್ಮ ಮೆಟ್ರೊ ಓಡುವುದೂ ಇದೇ ಅಳತೆಯ ಹಳಿಯ ಮೇಲೆ. ದಾವಣಗೆರೆಯ ಹಳೆಯ ಲೈನ್ ಮೀಟರ್ ಗೇಜ್, ಅಂದರೆ ಸರಿಯಾಗಿ 1,000 ಮಿಲಿಮೀಟರ್. ಬ್ರಿಟನ್ನಿನ ಹಳಿಗಿಂತ ಒಂದೂವರೆ ಅಡಿಯಷ್ಟು ಕಿರಿದು. 1990ರ ದಶಕದಲ್ಲಿ ಈ ಮಾರ್ಗವನ್ನು ಬ್ರಾಡ್ ಗೇಜ್‌ಗೆ ಬದಲಿಸಿದರು. ಅದು 1,676 ಮಿಲಿಮೀಟರ್, ಬ್ರಿಟನ್ನಿನ ಹಳಿಗಿಂತ ಅಗಲ. ಅಂದರೆ 9ಎಫ್‌ಗೆ ನಮ್ಮ ಹಳೆಯ ಹಳಿ ಕಿರಿದು, ಹೊಸ ಹಳಿ ಅಗಲ. ಟ್ರ್ಯಾಕ್ಟರ್ ಟೈರನ್ನು ಸೈಕಲ್ಲಿಗೆ ಹಾಕಲಾಗದು, ಸೈಕಲ್ ಟೈರನ್ನು ಟ್ರ್ಯಾಕ್ಟರಿಗೆ ಹಾಕಲಾಗದು. ಇದೂ ಹಾಗೆಯೇ.

ಹಾಗಾದರೆ ನಮ್ಮ ಹಳಿಯ ಮೇಲೆ ಓಡಿದ್ದು ಏನು?

1876ರಿಂದ 1878ರವರೆಗಿನ ಭೀಕರ ಬರದಲ್ಲಿ ಮೈಸೂರು ಸಂಸ್ಥಾನದ ಜನ ಅನ್ನವಿಲ್ಲದೆ ಸತ್ತರು. ಬೇರೆ ಕಡೆ ಇದ್ದ ಧಾನ್ಯವನ್ನು ಬೇಗ ತಲುಪಿಸಲು ದಾರಿ ಇರಲಿಲ್ಲ. ಆ ಅನುಭವದ ನಂತರ ರೈಲು ಹಾಕುವ ಕೆಲಸಕ್ಕೆ ವೇಗ ಬಂತು. ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ಮೀಟರ್ ಗೇಜ್ ರೈಲು ಬಂತು. 1880ರ ದಶಕ ಮುಗಿಯುವಷ್ಟರಲ್ಲಿ ಅದು ತಿಪಟೂರು, ಅರಸೀಕೆರೆ, ಬೀರೂರು, ಚಿಕ್ಕಜಾಜೂರು, ದಾವಣಗೆರೆ ದಾಟಿ ಹರಿಹರ ಸೇರಿ, ಹುಬ್ಬಳ್ಳಿಯ ಕಡೆಗೂ ಕೂಡಿಕೊಂಡಿತು. ಈ ರೈಲನ್ನು ನಡೆಸುತ್ತಿದ್ದುದು ಸದರ್ನ್ ಮರಾಠ ರೈಲ್ವೆ. 1908ರಲ್ಲಿ ಅದು ಮದ್ರಾಸ್ ರೈಲ್ವೆಯ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠ ರೈಲ್ವೆ ಆಯಿತು. 1951ರಲ್ಲಿ ಇವೆಲ್ಲ ದಕ್ಷಿಣ ರೈಲ್ವೆಗೆ ಸೇರಿದವು. ಇಂದು ಈ ಮಾರ್ಗ 2003ರಲ್ಲಿ ಆರಂಭವಾದ ನೈಋತ್ಯ ರೈಲ್ವೆಯ ಕೈಯಲ್ಲಿದೆ.

ಆರಂಭದ ದಶಕಗಳಲ್ಲಿ ಭಾರತಕ್ಕೆ ಬೇಕಾದ ಎಂಜಿನ್‌ಗಳು ಬಹುಪಾಲು ಬ್ರಿಟನ್ನಿನ ಕಾರ್ಖಾನೆಗಳಲ್ಲೇ ತಯಾರಾಗಿ ಹಡಗಿನಲ್ಲಿ ಬರುತ್ತಿದ್ದವು. ಹಾಗಾಗಿ ‘ಬ್ರಿಟನ್ನಿನಲ್ಲಿ ಮಾಡಿದ ಗೂಡ್ಸ್ ಎಂಜಿನ್’ ಎಂಬ ಮಾತಿನಲ್ಲಿ ಸತ್ಯದ ಒಂದು ಎಳೆ ಇದೆ. ಆದರೆ ಅವು ಭಾರತದ ಮೀಟರ್ ಗೇಜ್‌ಗೆಂದೇ ಮಾಡಿದ ಬೇರೆ ಎಂಜಿನ್‌ಗಳು. ಹಳೆಯ ಕಾಲದಲ್ಲಿ ದೇಶದ ಮೀಟರ್ ಗೇಜ್ ಹಳಿಗಳಲ್ಲಿ ಹೆಚ್ಚು ಹೆಸರಾದದ್ದು ‘ಎಫ್’ ವರ್ಗ. ಅದರದು ಆರೇ ಚಕ್ರ. ಭಾರತದಲ್ಲೇ ತಯಾರಾದ ಮೊದಲ ಎಂಜಿನ್ ಕೂಡ ಇದೇ ವರ್ಗದ ಎಫ್-734. 1895ರಲ್ಲಿ ಅಜ್ಮೀರ್ ಕಾರ್ಖಾನೆಯಲ್ಲಿ ತಯಾರಾದ ಅದನ್ನು ಇಂದಿಗೂ ದೆಹಲಿಯ ರೈಲು ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. 1920ರ ದಶಕದಲ್ಲಿ ಭಾರವಾದ ಮೀಟರ್ ಗೇಜ್ ಗೂಡ್ಸ್ ಗಾಡಿಗಳಿಗಾಗಿ ‘ವೈಡಿ’ ಎಂಬ ವರ್ಗ ಬಂತು.

ಸ್ವಾತಂತ್ರ್ಯದ ನಂತರ ಬಂದದ್ದು ‘ವೈಜಿ’. ವೈ ಅಂದರೆ ಮೀಟರ್ ಗೇಜ್, ಜಿ ಅಂದರೆ ಗೂಡ್ಸ್. 1949ರಿಂದ 1972ರವರೆಗೆ ಇಂಥ ಸಾವಿರಕ್ಕೂ ಹೆಚ್ಚು ಎಂಜಿನ್ ತಯಾರಾದವು, ಅವುಗಳಲ್ಲಿ ಅನೇಕವು ಜಮ್ಶೆಡ್‌ಪುರ ಮತ್ತು ಚಿತ್ತರಂಜನ್ ಕಾರ್ಖಾನೆಗಳಲ್ಲಿ. ನಿಮ್ಮ ಮನೆಯ ಹಿರಿಯರು ಚಿಕ್ಕಂದಿನಲ್ಲಿ ಮೀಟರ್ ಗೇಜ್ ಹಳಿಯ ಮೇಲೆ ಕಂಡ ಕಪ್ಪು ಗೂಡ್ಸ್ ಎಂಜಿನ್ ವೈಜಿ ಆಗಿರುವ ಸಂಭವವೇ ಹೆಚ್ಚು. ಅಂದರೆ ಅವರು ‘ಬ್ರಿಟಿಷರ ಎಂಜಿನ್’ ಎಂದು ಕರೆಯುವುದು ಎಷ್ಟೋ ಬಾರಿ ನಮ್ಮದೇ ದೇಶದ ಕಾರ್ಮಿಕರು ಮಾಡಿದ ಎಂಜಿನ್.

ನಮಗೂ ಒಂದು ಕೊನೆಯ ನಕ್ಷತ್ರವಿದೆ

ಬ್ರಿಟನ್ನಿನ ಕೊನೆಯ ಎಂಜಿನ್‌ಗೆ ‘ಸಂಜೆಯ ನಕ್ಷತ್ರ’ ಎಂದು ಹೆಸರಿಟ್ಟರಲ್ಲ, ಭಾರತಕ್ಕೂ ಅಂಥದ್ದೊಂದು ಇದೆ. ಬ್ರಾಡ್ ಗೇಜ್ ಗೂಡ್ಸ್‌ಗಾಗಿ ‘ಡಬ್ಲ್ಯುಜಿ’ ಎಂಬ ವರ್ಗವಿತ್ತು. ಅದರ ಮೊದಲ ನೂರು ಎಂಜಿನ್ ಬಂದದ್ದು ಗ್ಲ್ಯಾಸ್ಗೋದ ನಾರ್ತ್ ಬ್ರಿಟಿಷ್ ಕಂಪನಿಯಿಂದ. ನಂತರ ಪಶ್ಚಿಮ ಬಂಗಾಳದ ಚಿತ್ತರಂಜನ್‌ನಲ್ಲಿ ಸ್ವಂತ ಕಾರ್ಖಾನೆ ಆಯಿತು. ಅಲ್ಲಿಯ ಮೊದಲ ಎಂಜಿನ್ ‘ದೇಶಬಂಧು’ವನ್ನು 1950ರ ನವೆಂಬರ್ 1ರಂದು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್ ಲೋಕಾರ್ಪಣೆ ಮಾಡಿದರು. ಒಟ್ಟು 2,450 ಡಬ್ಲ್ಯುಜಿ ತಯಾರಾದವು. ಕೊನೆಯದು 1970ರ ಜೂನ್‌ನಲ್ಲಿ ಹೊರಬಂದ 10560 ಸಂಖ್ಯೆಯ ಎಂಜಿನ್. ಹೆಸರು ‘ಅಂತಿಮ್ ಸಿತಾರಾ’, ಕೊನೆಯ ನಕ್ಷತ್ರ.

ಈ ಡಬ್ಲ್ಯುಜಿಯೂ ದಾವಣಗೆರೆಯ ಮೀಟರ್ ಗೇಜ್ ಮೇಲೆ ಓಡಿರಲಾರದು. ಅದರ ಹಳಿ ಬೇರೆ. ಗೇಜ್ ಕೇಳಿದರೆ ಅರ್ಧ ಸುಳ್ಳು ಅಲ್ಲೇ ಉದುರುತ್ತದೆ ಎಂದದ್ದು ಇದಕ್ಕೇ.

ನಾಲ್ಕು ಊರುಗಳಿಗೆ ರೈಲು ಬರಲಿಲ್ಲವೇಕೆ?

ನಕ್ಷೆ ತೆರೆದು ನೋಡಿ. ಬೀರೂರು, ಚಿಕ್ಕಜಾಜೂರು, ದಾವಣಗೆರೆ, ಹರಿಹರ ಎಂದು ಗೆರೆ ಎಳೆದರೆ ಚನ್ನಗಿರಿ ಅದರ ಪಶ್ಚಿಮಕ್ಕೆ, ಜಗಳೂರು ಪೂರ್ವಕ್ಕೆ ಉಳಿಯುತ್ತದೆ. ಬೀರೂರಿನಿಂದ ಕವಲೊಡೆದ ಇನ್ನೊಂದು ಮಾರ್ಗ ತರೀಕೆರೆ, ಭದ್ರಾವತಿ ಮೇಲೆ ಶಿವಮೊಗ್ಗಕ್ಕೆ ಹೋಯಿತು. ಹೊನ್ನಾಳಿ ಮತ್ತು ನ್ಯಾಮತಿ ಇರುವುದು ಶಿವಮೊಗ್ಗ ಹಾಗೂ ಹರಿಹರದ ನಡುವೆ. ಆ ಎರಡು ಊರುಗಳನ್ನು ನೇರ ಕೂಡಿಸುವ ಹಳಿ ಹಾಕಲಿಲ್ಲ. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಬಂದ ಕವಲು ಮಾರ್ಗವೂ ಜಗಳೂರನ್ನು ಮುಟ್ಟಲಿಲ್ಲ.

1997ರಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಭಾಗವಾಗಿದ್ದು, ಪ್ರತ್ಯೇಕ ತಾಲ್ಲೂಕು ಆದದ್ದು ಇತ್ತೀಚೆಗೆ. ಜಿಲ್ಲೆ ಬದಲಾಯಿತು, ತಾಲ್ಲೂಕು ಹೊಸದಾಯಿತು, ಆದರೆ ರೈಲು ಹಿಡಿಯಲು ಬಸ್ಸಿನಲ್ಲಿ ಬೇರೆ ಊರಿಗೆ ಹೋಗುವುದು ಬದಲಾಗಲಿಲ್ಲ.

ಶಿವಮೊಗ್ಗ–ಹರಿಹರ ನಡುವೆ ಹೊನ್ನಾಳಿ ಮೇಲೆ ರೈಲು ಬೇಕೆಂಬುದು ಆ ಭಾಗದ ಜನರ ಹಳೆಯ ಬೇಡಿಕೆ. ಈ ಫಾರ್ವರ್ಡ್ ನಿಜವಾಗಿ ಹಾನಿ ಮಾಡುವುದು ಇಲ್ಲಿಯೇ. ‘ಮೊದಲು ರೈಲು ಇತ್ತು, ಕಿತ್ತರು’ ಎಂದು ಮನವಿಯಲ್ಲಿ ಬರೆದರೆ, ಕಡತ ನೋಡುವ ಅಧಿಕಾರಿ ಮೊದಲ ಸಾಲಿನಲ್ಲೇ ತಪ್ಪು ಹಿಡಿಯುತ್ತಾರೆ. ಉಳಿದ ಸರಿಯಾದ ಮಾತಿಗೂ ಬೆಲೆ ಹೋಗುತ್ತದೆ. ‘ಹತ್ತಿರದಲ್ಲೇ ರೈಲು ಬಂದು ಒಂದು ಶತಮಾನ ದಾಟಿದರೂ ನಮ್ಮ ತಾಲ್ಲೂಕು ಕೇಂದ್ರಕ್ಕೆ ಬಂದಿಲ್ಲ’ ಎಂಬುದು ಸತ್ಯ. ಬೇಡಿಕೆಗೆ ಬಲ ಕೊಡುವ ಮಾತೂ ಅದೇ.

ಒಂದು ಅಡಿಗಿಂತ ಚಿಕ್ಕ ಎಂಜಿನ್

ಈಗ ಮಾದರಿಗಳ ವಿಷಯಕ್ಕೆ ಬರೋಣ. ಬ್ರಿಟನ್ನಿನಲ್ಲಿ ರೈಲು ಮಾದರಿ ಒಂದು ದೊಡ್ಡ ಹವ್ಯಾಸ. 9ಎಫ್ ಆ ಹವ್ಯಾಸಿಗಳಿಗೆ ಅಚ್ಚುಮೆಚ್ಚು. ಹಾರ್ನ್‌ಬಿ, ಬಾಕ್‌ಮನ್, ಡಾಪೋಲ್ ಕಂಪನಿಗಳು ಅದರ ಓಡುವ ಮಾದರಿ ಮಾಡಿವೆ. ಏರ್‌ಫಿಕ್ಸ್ ಕಂಪನಿ ಅಂಟಿಸಿ ಕೂಡಿಸುವ ಪ್ಲಾಸ್ಟಿಕ್ ಕಿಟ್ ಮಾಡಿತ್ತು. ಇವುಗಳಲ್ಲಿ ಉಗಿ ಇಲ್ಲ. ಹಳಿಯಲ್ಲಿ ಹರಿಯುವ ಕಡಿಮೆ ವೋಲ್ಟೇಜಿನ ವಿದ್ಯುತ್ತಿನಿಂದ ಪುಟ್ಟ ಮೋಟರ್ ತಿರುಗುತ್ತದೆ. ಸದ್ದು ಬರುವುದು ಒಳಗಿನ ಸ್ಪೀಕರಿನಿಂದ. ಹೊಗೆ ಬಂದರೆ ಅದು ಕಾಯಿಸಿದ ಎಣ್ಣೆಯದು.

ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಯ ಹೆಸರು ಡಬಲ್ ಓ. ನಿಜವಾದ ಎಂಜಿನ್ನಿನ 76.2 ಭಾಗದಲ್ಲಿ ಒಂದು ಭಾಗ. ಅಸಲಿ 9ಎಫ್ ಕಲ್ಲಿದ್ದಲು ಮತ್ತು ನೀರು ಹೊರುವ ಟೆಂಡರ್ ಸೇರಿ ಸುಮಾರು 20.2 ಮೀಟರ್ ಉದ್ದ. 76.2ರಿಂದ ಭಾಗಿಸಿದರೆ ಮಾದರಿಯ ಉದ್ದ 26.5 ಸೆಂಟಿಮೀಟರ್. ಶಾಲೆಯ 30 ಸೆಂಟಿಮೀಟರ್ ಸ್ಕೇಲಿಗಿಂತ ಚಿಕ್ಕದು. ಐದು ಅಡಿ ಎತ್ತರದ ದೊಡ್ಡ ಚಕ್ರ ಇಲ್ಲಿ 2 ಸೆಂಟಿಮೀಟರ್.

ತೂಕವನ್ನೂ ಲೆಕ್ಕ ಹಾಕೋಣ. ಟೆಂಡರ್ ಬಿಟ್ಟು ಎಂಜಿನ್ ಮಾತ್ರ ಸುಮಾರು 88 ಟನ್. ಇದನ್ನು 76.2ರಿಂದ ಭಾಗಿಸಿದರೆ ಒಂದು ಟನ್ನಿಗಿಂತ ಹೆಚ್ಚು ಬರುತ್ತದೆ. ಅಂಗೈ ಅಗಲದ ಆಟಿಕೆ ಅಷ್ಟು ತೂಗುವುದುಂಟೆ? ತಪ್ಪು ಎಲ್ಲಿದೆ ಎಂದರೆ, ವಸ್ತು ಕುಗ್ಗುವುದು ಉದ್ದದಲ್ಲಿ ಮಾತ್ರವಲ್ಲ, ಅಗಲ ಮತ್ತು ಎತ್ತರದಲ್ಲೂ. ಹಾಗಾಗಿ ಮೂರು ಸಲ ಭಾಗಿಸಬೇಕು. 76.2ನ್ನು ಮೂರು ಸಲ ಗುಣಿಸಿದರೆ ಸುಮಾರು 4 ಲಕ್ಷ 42 ಸಾವಿರ. 88 ಟನ್ನನ್ನು ಅದರಿಂದ ಭಾಗಿಸಿದರೆ ಉಳಿಯುವುದು ಸುಮಾರು 200 ಗ್ರಾಂ, ಒಂದು ದೊಡ್ಡ ಸೇಬಿನಷ್ಟು. ಇಷ್ಟು ಹಗುರವಾದರೆ ಚಕ್ರ ಜಾರುತ್ತದೆ, ಹಿಂದಿನ ಗಾಡಿಗಳನ್ನು ಎಳೆಯಲಾಗದು. ಅದಕ್ಕೆ ತಯಾರಕರು ಒಳಗೆ ಲೋಹದ ತುಂಡು ಇಟ್ಟು ತೂಕ ಹೆಚ್ಚಿಸುತ್ತಾರೆ.

ಇನ್ನೊಂದು ತಮಾಷೆ: ಇಷ್ಟು ನಿಖರವಾದ ಮಾದರಿಯೂ ಗೇಜ್ ವಿಷಯದಲ್ಲಿ ತಪ್ಪು. ಡಬಲ್ ಓ ಮಾದರಿಯ ಹಳಿಯ ಅಂತರ 16.5 ಮಿಲಿಮೀಟರ್. ಲೆಕ್ಕದ ಪ್ರಕಾರ 18.83 ಇರಬೇಕಿತ್ತು. ಹಿಂದೆ ಮೋಟರ್‌ಗಳು ದಪ್ಪವಾಗಿದ್ದವು, ಬ್ರಿಟನ್ನಿನ ಎಂಜಿನ್‌ಗಳ ಮೈ ಕಿರಿದು. ಮೋಟರ್ ಒಳಗೆ ಹಿಡಿಸಲೆಂದು ಮೈಯ ಅಳತೆ ಹಿಗ್ಗಿಸಿದರು, ಹಳಿಯನ್ನು ಮಾತ್ರ ಹಾಗೆಯೇ ಬಿಟ್ಟರು. ಆ ಹೊಂದಾಣಿಕೆ ಇಂದಿಗೂ ಮುಂದುವರಿದಿದೆ.

ವಿಡಿಯೊ ಅಸಲಿಯೋ, ಮಾದರಿಯೋ, ಎಐ ಮಾಡಿದ್ದೋ?

ನೀವೇ ಮಾಡಬಹುದಾದ ಕೆಲವು ಪರೀಕ್ಷೆಗಳು ಇಲ್ಲಿವೆ.

1. ಹೊಗೆ ನೋಡಿ. ಅಸಲಿ ಎಂಜಿನ್ನಿನ ಹೊಗೆ ದಟ್ಟವಾಗಿ, ಸುರುಳಿ ಸುರುಳಿಯಾಗಿ, ನಿಧಾನವಾಗಿ ಮೇಲೇಳುತ್ತದೆ. ಮಾದರಿಯದು ಊದುಬತ್ತಿಯ ಹೊಗೆಯಂತೆ ತೆಳ್ಳಗೆ, ಬೇಗ ಕರಗುತ್ತದೆ. ಎಂಜಿನ್ ಅನ್ನು ಕುಗ್ಗಿಸಬಹುದು, ಗಾಳಿಯನ್ನು ಕುಗ್ಗಿಸಲಾಗದು.

2. ಕುಲುಕಾಟ ನೋಡಿ. ಭಾರವಾದ ಗಾಡಿ ನಿಧಾನವಾಗಿ ತೂಗುತ್ತದೆ, ಚಿಕ್ಕ ಮಾದರಿ ಪಟಪಟನೆ ನಡುಗುತ್ತದೆ. ಒಂದು ಮೀಟರ್ ಎತ್ತರದಿಂದ ಬಿದ್ದ ಕಲ್ಲು ನೆಲ ಮುಟ್ಟಲು ಅರ್ಧ ಸೆಕೆಂಡಿನಷ್ಟು ಬೇಕು. ಮಾದರಿಯ ಲೋಕದಲ್ಲಿ ಆ ಒಂದು ಮೀಟರ್ ಅಂದರೆ 1.3 ಸೆಂಟಿಮೀಟರ್. ಕಣ್ಣು ಮಿಟುಕಿಸುವುದರೊಳಗೆ ಬಿದ್ದಿರುತ್ತದೆ.

3. ಮಸುಕು ನೋಡಿ. ಎಂಜಿನ್ನಿನ ಮೂತಿ ಸ್ಪಷ್ಟವಾಗಿದ್ದು, ಅದರ ಹಿಂದಿನ ಎರಡನೇ ಗಾಡಿಯೇ ಮಸುಕಾಗಿದ್ದರೆ ಕ್ಯಾಮೆರಾ ತೀರ ಹತ್ತಿರವಿದೆ ಎಂದರ್ಥ. ದೊಡ್ಡ ವಸ್ತುವಿನಲ್ಲಿ ಹಾಗಾಗುವುದು ಅಪರೂಪ.

4. ಜನರನ್ನು ನೋಡಿ. ಪ್ಲಾಟ್‌ಫಾರ್ಮಿನಲ್ಲಿ ನಿಂತವರಲ್ಲಿ ಒಬ್ಬರೂ ಕೈ ಆಡಿಸದಿದ್ದರೆ, ಮರದ ಎಲೆ ಅಲುಗದಿದ್ದರೆ ಅನುಮಾನಿಸಿ.

5. ಚುಕುಬುಕು ಎಣಿಸಿ. ಎರಡು ಸಿಲಿಂಡರ್‌ನ ಉಗಿ ಎಂಜಿನ್ ದೊಡ್ಡ ಚಕ್ರ ಒಂದು ಸುತ್ತು ತಿರುಗುವಾಗ ನಾಲ್ಕು ಸಲ ಉಸಿರು ಬಿಡುತ್ತದೆ. 9ಎಫ್‌ನದೂ ಎರಡೇ ಸಿಲಿಂಡರ್. ಸದ್ದಿಗೂ ಸುತ್ತಿಗೂ ತಾಳವಿಲ್ಲದಿದ್ದರೆ ಸದ್ದನ್ನು ಆಮೇಲೆ ಅಂಟಿಸಿದ್ದಾರೆ.

6. ಚಕ್ರಗಳನ್ನು ಕೂಡಿಸುವ ಸರಳು ನೋಡಿ. ಎಐ ಮಾಡಿದ ವಿಡಿಯೊದಲ್ಲಿ ಆ ಸರಳು ನಡುವೆ ಮಾಯವಾಗುತ್ತದೆ, ಬಾಗುತ್ತದೆ. ಚಕ್ರಗಳ ಲೆಕ್ಕ ಒಮ್ಮೆ ಐದು, ಒಮ್ಮೆ ಆರು ಆಗುತ್ತದೆ.

7. ಮೂತಿ ನೋಡಿ. ಬ್ರಿಟನ್ನಿನ ಎಂಜಿನ್ನಿನ ಮುಂದೆ ಎಡಕ್ಕೊಂದು ಬಲಕ್ಕೊಂದು ಗುಂಡು ಬಫರ್, ನಡುವೆ ಕೊಕ್ಕೆ ಇರುತ್ತದೆ. ನಮ್ಮ ಮೀಟರ್ ಗೇಜ್ ಎಂಜಿನ್ನಿಗೆ ನಡುವೆ ಒಂದೇ ಬಫರ್, ಕೊಂಡಿಯೂ ಅಲ್ಲೇ. ಜೊತೆಗೆ ದೊಡ್ಡ ಹೆಡ್‌ಲೈಟ್, ಹಳಿಗೆ ಬಂದ ದನಕರು ತಳ್ಳುವ ಜಾಲರಿ. ಎರಡು ಬಫರ್ ಕಂಡರೆ ಅದು ನಮ್ಮ ಹಳೆಯ ದಾವಣಗೆರೆ ಲೈನಿನದಲ್ಲ.

ಇದರ ಜೊತೆ ಬರುವ ಇನ್ನೆರಡು ಸುಳ್ಳುಗಳು

‘ಉಗಿ ಎಂಜಿನ್ ನೀರಿನಿಂದಲೇ ಓಡುತ್ತಿತ್ತು, ಇಂಧನವೇ ಬೇಕಿರಲಿಲ್ಲ.’ ಇದು ತಪ್ಪು. ಶಕ್ತಿ ಕೊಡುವುದು ಕಲ್ಲಿದ್ದಲು ಅಥವಾ ಸೌದೆ. ನೀರು ಆ ಶಕ್ತಿಯನ್ನು ಹೊತ್ತು ಸಿಲಿಂಡರಿಗೆ ಒಯ್ಯುವ ಕೂಲಿ. ಕುಲುಮೆಯ ಶಾಖದಲ್ಲಿ ಬಹುಪಾಲು ವ್ಯರ್ಥವಾಗುತ್ತಿತ್ತು. ಗಾಡಿ ಎಳೆಯಲು ದಕ್ಕುತ್ತಿದ್ದುದು ನೂರರಲ್ಲಿ ಹತ್ತು ಭಾಗಕ್ಕಿಂತ ಕಡಿಮೆ. ಡೀಸೆಲ್ ಗೆದ್ದದ್ದಕ್ಕೆ ಇದೂ ಒಂದು ಕಾರಣ. ‘ನೀರಿನಿಂದ ಓಡುವ ಕಾರು’ ಎಂದು ಹಣ ಕೇಳುವವರು ಬಂದಾಗಲೂ ಈ ಮಾತು ನೆನಪಿರಲಿ.

‘ಬಿಳಿಯಾಗಿ ಕಾಣುವುದೆಲ್ಲ ಉಗಿ.’ ಇದೂ ಪೂರ್ತಿ ನಿಜವಲ್ಲ. ನಿಜವಾದ ಉಗಿ ಕಣ್ಣಿಗೆ ಕಾಣುವುದಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುವಾಗ ದೂರದಿಂದ ಗಮನಿಸಿ. ವಿಷಲ್ ಪಕ್ಕದಲ್ಲಿ ಸ್ವಲ್ಪ ಜಾಗ ಖಾಲಿ ಕಾಣುತ್ತದೆ, ಅದರ ಮೇಲೆ ಬಿಳಿ ಮೋಡ. ಆ ಖಾಲಿ ಜಾಗದಲ್ಲಿರುವುದೇ ಉಗಿ. ಬಿಳಿ ಕಾಣುವುದು ಅದು ತಣಿದು ಆದ ನೀರಿನ ಹನಿಗಳು. ಎಂಜಿನ್ನಿನಿಂದ ಬರುವ ಕಪ್ಪು ಹೊಗೆ ಮಾತ್ರ ಸರಿಯಾಗಿ ಉರಿಯದ ಕಲ್ಲಿದ್ದಲಿನ ಮಸಿ. ರೈಲಿನ ಕಿಟಕಿಯಲ್ಲಿ ತಲೆ ಹಾಕಿ ಕಣ್ಣಿಗೆ ಕಲ್ಲಿದ್ದಲ ಹುಡಿ ಬಿದ್ದ ಕಥೆಯನ್ನು ನಿಮ್ಮ ಅಜ್ಜಿಯೂ ಹೇಳಿರಬಹುದು.

ಎಚ್ಚರಿಕೆಯ ಎರಡು ಮಾತು

ಮೊದಲನೆಯದು ಮಕ್ಕಳಿಗೆ. ಮುಚ್ಚಿದ ಡಬ್ಬಿ, ಹಳೆಯ ಕುಕ್ಕರ್ ಬಳಸಿ ‘ಮನೆಯಲ್ಲೇ ಉಗಿ ಎಂಜಿನ್’ ಮಾಡುವ ವಿಡಿಯೊಗಳನ್ನು ನೋಡಿ ಪ್ರಯತ್ನಿಸಬೇಡಿ. ನೀರು ಉಗಿಯಾದಾಗ ಸುಮಾರು 1,600 ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಆ ಜಾಗ ಸಿಗದಿದ್ದರೆ ಡಬ್ಬಿ ಸಿಡಿಯುತ್ತದೆ. ನಿಜವಾದ ಉಗಿಯಿಂದ ಓಡುವ ಮಾದರಿ ಮಾಡುವವರು ಬಾಯ್ಲರನ್ನು ಒತ್ತಡ ಪರೀಕ್ಷೆಗೆ ಒಳಪಡಿಸಿ, ಸುರಕ್ಷತಾ ಕವಾಟ ಇಟ್ಟ ಮೇಲೆಯೇ ಬೆಂಕಿ ಹಾಕುತ್ತಾರೆ.

ಎರಡನೆಯದು ದೊಡ್ಡವರಿಗೆ. ಇಂಥ ಮಾದರಿಯ ಫೋಟೊ ತೋರಿಸಿ ‘ಬ್ರಿಟಿಷರ ಕಾಲದ ಅಪರೂಪದ ವಸ್ತು, ಲಕ್ಷಾಂತರ ಬೆಲೆ, ಮುಂಗಡ ಕಳಿಸಿ’ ಎಂದು ಯಾರಾದರೂ ಕೇಳಿದರೆ ಕಳಿಸಬೇಡಿ. ಹೊಸ 9ಎಫ್ ಮಾದರಿಗೆ ಬ್ರಿಟನ್ನಿನ ಅಂಗಡಿಯಲ್ಲಿ ನೂರು ಪೌಂಡಿಗಿಂತ ಹೆಚ್ಚು ಬೆಲೆಯಿದೆ ನಿಜ. ಆದರೆ ಅದು ಈಗ ತಯಾರಾಗುವ ಹವ್ಯಾಸದ ವಸ್ತು, ಪುರಾತನ ನಿಧಿಯಲ್ಲ.

ಅಸಲಿ ನೋಡಬೇಕೆ?

ಮೈಸೂರು ರೈಲು ನಿಲ್ದಾಣದ ಪಕ್ಕದಲ್ಲೇ 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯವಿದೆ. ಹುಬ್ಬಳ್ಳಿಯಲ್ಲೂ 2020ರಲ್ಲಿ ಒಂದು ತೆರೆದಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಎಂಜಿನ್ನಿನ ಚಕ್ರದ ಪಕ್ಕ ನಿಲ್ಲಿಸಿ. ಚಕ್ರ ಅವರ ಎದೆಯವರೆಗೆ ಬರುತ್ತದೋ ತಲೆಯವರೆಗೆ ಬರುತ್ತದೋ ನೋಡಲಿ. ಬದಿಯಲ್ಲಿರುವ ಫಲಕ ಓದಲಿ: ಯಾವ ಕಂಪನಿ, ಯಾವ ವರ್ಷ, ಯಾವ ಗೇಜ್.

ಮನೆಯಲ್ಲಿ ಮೀಟರ್ ಗೇಜ್ ಕಾಲದ ಹಿರಿಯರಿದ್ದರೆ ಅವರ ಪಕ್ಕ ಕೂತು ಕೇಳಿ: ರೈಲು ಹಿಡಿಯಲು ಯಾವ ಸ್ಟೇಷನ್ನಿಗೆ ಹೋಗುತ್ತಿದ್ದಿರಿ? ಅಲ್ಲಿಯವರೆಗೆ ಗಾಡಿಯೋ, ಬಸ್ಸೋ, ನಡಿಗೆಯೋ? ಗೂಡ್ಸ್‌ನಲ್ಲಿ ಏನು ತುಂಬುತ್ತಿದ್ದರು? ಅವರು ಹೇಳಿದ್ದನ್ನು ಅದೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬೇರೆ ದೇಶದ ಆಟಿಕೆಗೆ ನಮ್ಮ ಊರಿನ ಹೆಸರು ಅಂಟಿಸಿ ಹಂಚುವುದಕ್ಕಿಂತ ಅದು ಮೇಲು.

ಗ್ರೂಪಿಗೆ ಕಳಿಸಲು ಚಿಕ್ಕ ಉತ್ತರ

‘ಈ ವಿಡಿಯೊದಲ್ಲಿರುವುದು ಬ್ರಿಟನ್ನಿನ 9ಎಫ್ ಎಂಜಿನ್ ಅಥವಾ ಅದರ ಮಾದರಿ. ಆ ವರ್ಗದ ಎಂಜಿನ್ ತಯಾರಾದದ್ದು 1954ರಿಂದ 1960ರವರೆಗೆ. ಅದರ ಗೇಜ್ 1,435 ಮಿಲಿಮೀಟರ್. ದಾವಣಗೆರೆ ಲೈನ್ ಮೊದಲು 1,000 ಮಿಲಿಮೀಟರ್, ಈಗ 1,676 ಮಿಲಿಮೀಟರ್. ಆದ್ದರಿಂದ ಅದು ಇಲ್ಲಿ ಓಡಿಲ್ಲ. ಹಳೆಯ ರೈಲು ಮಾರ್ಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಮೇಲೆ ಹೋಗಿರಲಿಲ್ಲ. ಇಂದಿಗೂ ಅಲ್ಲಿ ರೈಲು ನಿಲ್ದಾಣವಿಲ್ಲ.’

ಇದನ್ನು ಕಳಿಸುವಾಗ ಮೊದಲು ವಿಡಿಯೊ ಹಾಕಿದವರನ್ನು ಹೀಯಾಳಿಸಬೇಡಿ. ಊರಿನ ಮೇಲಿನ ಪ್ರೀತಿಯಿಂದಲೇ ಅವರು ಕಳಿಸಿರುತ್ತಾರೆ.